ಗಿಟಾರಿನ ದನಿ ಕಂಪ್ಯೂಟರಿಗೆ: ಯಾವ ಪಿನ್, ಯಾವ ಕಿಂಡಿ, ಯಾವ ವೈರು

ಬೆಳಗಾವಿಯ ಖಡೇಬಜಾರಿನಲ್ಲಾಗಲಿ, ವಿಜಯಪುರದ ಗಾಂಧಿಚೌಕದ ಸುತ್ತಮುತ್ತಲಾಗಲಿ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ‘ಗಿಟಾರ್‌ನಿಂದ ಲ್ಯಾಪ್‌ಟಾಪಿಗೆ ಹಾಕೋ ವೈರ್ ಕೊಡ್ರಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದು ತುದಿಗೆ ದಪ್ಪ ಪಿನ್, ಇನ್ನೊಂದು ತುದಿಗೆ ಸಣ್ಣ ಪಿನ್ ಇರುವ ವೈರು. ದಪ್ಪದ್ದು 6.35 ಮಿಲಿಮೀಟರಿನದು, ಮೈಕ್‌ಸೆಟ್‌ನವರ ಬಾಯಲ್ಲಿ ಪಿ-38. ಸಣ್ಣದು 3.5 ಮಿಲಿಮೀಟರಿನ ಇ.ಪಿ. ಪಿನ್. ಎರಡೂ ಕಡೆ ಸರಿಯಾಗಿ ಕೂಡುತ್ತದೆ, ದನಿಯೂ ಬರುತ್ತದೆ. ಆದರೆ ಕಂಬಳಿ ಹೊದ್ದು ಹಾಡಿದಂಥ ಮಂಕು ದನಿ, ಹಿಂದೆ ಬಿಡದೆ ‘ಗುಂಯ್’ ಅನ್ನುವ ಸದ್ದು, ತಂತಿ ಮೀಟಿದ ಮೇಲೆ ಅರೆಗಳಿಗೆ ತಡವಾಗಿ ಕೇಳುವ ಸ್ವರ. ಈ ಮೂರಕ್ಕೂ ಕಾರಣ ಬೇರೆ ಬೇರೆ, ಮದ್ದೂ ಬೇರೆ ಬೇರೆ. ವೈರು ಬದಲಾಯಿಸಿದರೆ ಮೂರೂ ಹೋಗುತ್ತವೆ ಅಂತ ತಿಳಿದು ದುಬಾರಿ ಕೇಬಲ್ ತಂದವರಿಗೆ ಮೂರೂ ಹಾಗೇ ಉಳಿದಿರುತ್ತವೆ.

ಕಂಪ್ಯೂಟರಿಗೆ ದನಿ ಒಯ್ಯುವ ಹಾದಿ ಯುಎಸ್‌ಬಿಯೋ, ಥಂಡರ್‌ಬೋಲ್ಟೋ, ಆಪ್ಟಿಕಲ್ಲೋ ಎಂಬ ಚರ್ಚೆಗೆ ಜನ ಕೊಡುವಷ್ಟು ತೂಕ ಅದಕ್ಕಿಲ್ಲ. ದನಿ ಅಂಕಿಯಾಗಿ ಬದಲಾದ ಮೇಲೆ ಅದು ಯಾವ ಹಾದಿಯಲ್ಲಿ ಹೋದರೂ ಅಂಕಿ ಅಂಕಿಯೇ. ಲೆಕ್ಕ ಹಾಕಿ ನೋಡಿ: 24 ಬಿಟ್, 48 ಕಿಲೋಹರ್ಟ್ಸ್, ಎರಡು ಚಾನೆಲ್ ಅಂದರೆ 48,000 × 24 × 2, ಸೆಕೆಂಡಿಗೆ ಸುಮಾರು 23 ಲಕ್ಷ ಬಿಟ್, ಅಂದರೆ 2.3 ಮೆಗಾಬಿಟ್. ಯುಎಸ್‌ಬಿ 2.0 ಹಾದಿಯ ಅಗಲ 480 ಮೆಗಾಬಿಟ್. ಒಂದೇ ಒಂದು ಸೈಕಲ್ ಹೋಗಲು ಆರು ಪಥದ ಹೆದ್ದಾರಿ. ದನಿಯ ಗುಣ ನಿರ್ಧಾರವಾಗುವುದು ಅದಕ್ಕೂ ಮೊದಲು, ದನಿಯನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೊಳಗೆ ಗಿಟಾರಿನ ವೈರು ಹೊಕ್ಕ ಜಾಗದಲ್ಲಿ. ಆದ್ದರಿಂದ ಆಯ್ಕೆಯನ್ನು ಗಿಟಾರಿನ ಕಡೆಯಿಂದ ಶುರು ಮಾಡಬೇಕು, ಕಂಪ್ಯೂಟರಿನ ಕಡೆಯಿಂದಲ್ಲ.

ಹೆಜ್ಜೆ 1: ನಿಮ್ಮ ಗಿಟಾರಿನಿಂದ ಹೊರಬರುವುದು ಏನು?

ಬ್ಯಾಟರಿ ಇಲ್ಲದ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 6ರಿಂದ 15 ಕಿಲೋ ಓಮ್ ತೋರಿಸುತ್ತದೆ. ಆದರೆ ಅದು ಸುರುಳಿಯಾದ್ದರಿಂದ ಸ್ವರ ಮೇಲೇರಿದಷ್ಟೂ ಅದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಏರುತ್ತದೆ. ಹೊಳಪು ಇರುವ ಎತ್ತರದ ಭಾಗದಲ್ಲಿ ನೂರು ಕಿಲೋ ಓಮ್ ದಾಟುವುದೂ ಉಂಟು. ಇದು ಸಣ್ಣ ಸೆಲೆಯ ಬಾವಿ ಇದ್ದ ಹಾಗೆ. ಅದಕ್ಕೆ ದೊಡ್ಡ ಮೋಟಾರು ಇಟ್ಟರೆ ಬಾವಿ ಬತ್ತುತ್ತದೆ. ಹನಿಹನಿಯಾಗಿ ಎಳೆಯುವ ಸಾಧನ ಬೇಕು. ಗಿಟಾರಿಗೆ ಹಾಗೆ ಎಳೆಯುವ ಇನ್‌ಪುಟ್ 1 ಮೆಗಾ ಓಮ್‌ನದು. ಲ್ಯಾಪ್‌ಟಾಪಿನ ಮೈಕ್ ಕಿಂಡಿ ಎರಡು ಮೂರು ಕಿಲೋ ಓಮ್‌ನ ಆಸುಪಾಸು, ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋ ಓಮ್‌ನ ಆಸುಪಾಸು. ಇವೆರಡಕ್ಕೂ ಗಿಟಾರ್ ಹಾಕಿದರೆ ಮೊದಲು ಸಾಯುವುದು ಹೊಳಪು. ಕಂಬಳಿ ಹೊದ್ದ ದನಿಯ ಗುಟ್ಟು ಇಷ್ಟೇ. ಹೀಗೆ ಕಳೆದುಹೋದ ಹೊಳಪನ್ನು ಆಮೇಲೆ ಈಕ್ವಲೈಜರ್ ಏರಿಸಿ ತರಲು ಹೋದರೆ ದನಿಗಿಂತ ‘ಸ್‌ಸ್’ ಅನ್ನುವ ಸದ್ದೇ ಹೆಚ್ಚು ಏರುತ್ತದೆ.

ಆದ್ದರಿಂದ ಪೆಟ್ಟಿಗೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ‘ಇನ್‌ಸ್ಟ್’ ಅಥವಾ ‘ಹೈ-ಝಡ್’ ಎಂದು ಬರೆದ ಗುಂಡಿ, ಇಲ್ಲವೇ ಪುಟ್ಟ ಗಿಟಾರಿನ ಚಿತ್ರ ಇರುವ ಕಿಂಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, ಬೆಹ್ರಿಂಗರ್ ಯುಎಂ2 ಥರದ ಚಿಕ್ಕ ಆಡಿಯೋ ಇಂಟರ್‌ಫೇಸ್‌ಗಳಲ್ಲೂ ಇದು ಇದೆ. ಗುಂಡಿ ಇದ್ದರೆ ಒತ್ತಲು ಮರೆಯಬೇಡಿ; ಒತ್ತಿ, ಬಿಟ್ಟು ಎರಡೂ ಸಲ ಅದೇ ತಂತಿ ಮೀಟಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ಉಳಿದ ಬಗೆಗಳು ಸುಲಭ. ಬ್ಯಾಟರಿ ಹಾಕುವ ಆ್ಯಕ್ಟಿವ್ ಪಿಕಪ್ ಆಗಲಿ, ಪಕ್ಕದಲ್ಲಿ ಈಕ್ವಲೈಜರ್ ಇರುವ ಸೆಮಿ-ಅಕೌಸ್ಟಿಕ್ ಆಗಲಿ ಒಳಗೇ ಪ್ರಿಆಂಪ್ (ಮೊದಲ ಹಂತದ ಪುಟ್ಟ ಆಂಪ್ಲಿಫಾಯರ್) ಹೊಂದಿರುತ್ತವೆ. ಲೈನ್ ಇನ್‌ಪುಟ್ಟಿಗೂ ಕೊಡಬಹುದು. ಅವಕ್ಕೆ ಪಿನ್ ಚುಚ್ಚಿದ ಕ್ಷಣದಿಂದ 9 ವೋಲ್ಟಿನ ಬ್ಯಾಟರಿ ಖರ್ಚಾಗುತ್ತಿರುತ್ತದೆ, ರಾತ್ರಿಯಿಡೀ ಪಿನ್ ಬಿಟ್ಟು ಮಲಗಿದರೆ ಬೆಳಗ್ಗೆ ದನಿ ಹರಿದ ಹಾಗೆ ಬರುತ್ತದೆ. ಪ್ರಿಆಂಪ್ ಇಲ್ಲದೆ ಸೇತುವೆಯ ಕೆಳಗೆ ಬರೀ ಪೀಜೋ ಪಟ್ಟಿ (ಕಂಪನವನ್ನು ಕರೆಂಟಾಗಿಸುವ ಪಟ್ಟಿ) ಅಂಟಿಸಿದ ಅಕೌಸ್ಟಿಕ್ ಇದ್ದರೆ 1 ಮೆಗಾ ಓಮ್ ಕೂಡ ಕಡಿಮೆಯೇ. ಇದರಲ್ಲಿ ಹೋಗುವುದು ಹೊಳಪಲ್ಲ, ಕೆಳಗಿನ ಸ್ವರಗಳ ಗಾತ್ರ. ತಗಡಿನ ಹಾಗೆ ತೆಳ್ಳಗೆ ಕೇಳಿದರೆ ನಡುವೆ ಒಂದು ಪೀಜೋ ಪ್ರಿಆಂಪ್ ಹಾಕಿ.

ಗಿಟಾರ್ ಆಂಪ್ಲಿಫಾಯರ್ ಇರುವವರಿಗೆ ಒಂದು ಎಚ್ಚರಿಕೆ. ಅದರ ‘ಲೈನ್ ಔಟ್’ನಿಂದ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ವೈರು ಕೊಡಬಹುದು, ಹೆಡ್‌ಫೋನ್ ಔಟಿನಿಂದಲೂ ವಾಲ್ಯೂಮ್ ತಗ್ಗಿಸಿ ಕೊಡಬಹುದು. ‘ಸ್ಪೀಕರ್ ಔಟ್’ನಿಂದ ಮಾತ್ರ ಎಂದಿಗೂ ಕೊಡಬೇಡಿ. ಪಿನ್ ಅದೇ ಪಿ-38, ಆದರೆ ಅಲ್ಲಿ ಹರಿಯುವುದು ಸ್ಪೀಕರ್ ಓಡಿಸುವ ಶಕ್ತಿ. ಇಂಟರ್‌ಫೇಸ್ ಸುಡುತ್ತದೆ, ವಾಲ್ವ್ ಆಂಪ್ ಆದರೆ ಸ್ಪೀಕರ್ ಹೊರೆ ಇಲ್ಲದೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಹೋಗುತ್ತದೆ.

ಹೆಜ್ಜೆ 2: ಯುಎಸ್‌ಬಿ, ಬಹುಪಾಲು ಜನರಿಗೆ ಇಷ್ಟೇ ಸಾಕು

ಮನೆಯಲ್ಲಿ ಒಂದು ಗಿಟಾರ್, ಜೊತೆಗೆ ಹಾಡಲು ಒಂದು ಮೈಕ್ ಇಷ್ಟಕ್ಕೆ ಎರಡು ಇನ್‌ಪುಟ್ಟಿನ ಯುಎಸ್‌ಬಿ 2.0 ಇಂಟರ್‌ಫೇಸ್ ಸಾಕು. ಯುಎಸ್‌ಬಿ 3 ಎಂದು ಬರೆದದ್ದಕ್ಕೆ ಹೆಚ್ಚಿನ ದುಡ್ಡು ಕೊಟ್ಟರೆ ದನಿಯಲ್ಲಿ ಏನೂ ಕೂಡುವುದಿಲ್ಲ. ‘ಟೈಪ್-ಸಿ’ ಎನ್ನುವುದು ಕಿಂಡಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಟೈಪ್-ಸಿ ಮೂತಿಯ ಒಳಗೆ ಯುಎಸ್‌ಬಿ 2.0 ಇರುವ ಇಂಟರ್‌ಫೇಸ್‌ಗಳು ಬೇಕಾದಷ್ಟಿವೆ, ಅದರಲ್ಲಿ ಮೋಸವೇನೂ ಇಲ್ಲ.

ಮೋಸ ಇರುವುದು ಕೇಬಲ್ಲಿನಲ್ಲಿ. ಮೊಬೈಲ್ ಅಂಗಡಿಯಲ್ಲಿ ಸಿಗುವ ಅಗ್ಗದ ಕೆಲವು ಕೇಬಲ್‌ಗಳ ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾದ ಎರಡು ತಂತಿ ಇರುವುದೇ ಇಲ್ಲ. ಇಂಟರ್‌ಫೇಸಿನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದಿಲ್ಲ. ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಒಂದು ದಿನ ಹೋಗುತ್ತದೆ. ‘ಅಣ್ಣಾರ, ಡೇಟಾ ಕೇಬಲ್ ಕೊಡ್ರಿ, ಬರೇ ಚಾರ್ಜಿಂಗ್‌ದು ಬ್ಯಾಡ’ ಅಂತ ಕೇಳಿ, ಅಂಗಡಿಯಲ್ಲೇ ಫೋನಿನಿಂದ ಕಂಪ್ಯೂಟರಿಗೆ ಒಂದು ಫೋಟೋ ಕಳಿಸಿ ನೋಡಿ. ಫೋಟೋ ಹೋದರೆ ಕೇಬಲ್ ಸರಿ.

ಯುಎಸ್‌ಬಿ ಕೇಬಲ್ಲಿನ ಉದ್ದ 5 ಮೀಟರ್ ಮೀರಬಾರದು, 1 ಮೀಟರ್ ಇದ್ದರೆ ಒಳ್ಳೆಯದು. ಗಿಟಾರಿನ ವೈರೂ 3 ಮೀಟರ್ ಸಾಕು. ಸಾಮಾನ್ಯ ಗಿಟಾರ್ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಹೊತ್ತಿರುತ್ತದೆ, ಉದ್ದ ಹೆಚ್ಚಿದಷ್ಟೂ ಹೊಳಪು ತಿನ್ನುತ್ತದೆ. ದೂರ ಕೂರಬೇಕಿದ್ದರೆ ಗಿಟಾರ್ ವೈರು ಗಿಡ್ಡ ಇಟ್ಟು ಯುಎಸ್‌ಬಿ ವೈರು ಉದ್ದ ಮಾಡಿ, ತಿರುಗುಮುರುಗು ಬೇಡ.

ಇಂಟರ್‌ಫೇಸನ್ನು ಲ್ಯಾಪ್‌ಟಾಪಿನ ಮೈಗೇ ಚುಚ್ಚಿ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆ್ಯಂಪ್. ಅದನ್ನೇ ನಾಲ್ಕು ಬಾಯಿಯ ಅಗ್ಗದ ಹಬ್ಬಿಗೆ ಹಾಕಿ ಮೌಸು, ಪೆನ್‌ಡ್ರೈವು, ಹಾರ್ಡ್‌ಡಿಸ್ಕಿನ ಜೊತೆ ಹಂಚಿಕೊಂಡರೆ ಇಂಟರ್‌ಫೇಸಿಗೆ ಉಪವಾಸ. ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಗುಂಡಿ ಒತ್ತಿದೊಡನೆ ದೀಪ ಆರಿ ಹತ್ತುವುದು ಇದರ ಲಕ್ಷಣ.

ಒಂದು ತುದಿಗೆ ಪಿ-38, ಇನ್ನೊಂದಕ್ಕೆ ನೇರ ಯುಎಸ್‌ಬಿ ಇರುವ ‘ಗಿಟಾರ್ ಕೇಬಲ್’ ಕೂಡ ಸಿಗುತ್ತದೆ. ಅದರ ಮೂತಿಯಲ್ಲೇ ಪರಿವರ್ತಕ ಚಿಪ್ಪು ಅಡಗಿರುತ್ತದೆ. ಅಭ್ಯಾಸಕ್ಕೆ ಪರವಾಗಿಲ್ಲ, ಆದರೆ ಗೇನ್ (ಒಳಬರುವ ದನಿಯ ಮಟ್ಟ) ತಿರುವುವ ಗುಂಡಿ ಇಲ್ಲ, ಹೆಡ್‌ಫೋನ್ ಕಿಂಡಿ ಇಲ್ಲ, ಆದ್ದರಿಂದ ತಡದ ಸಮಸ್ಯೆ ನಿಮ್ಮ ಬೆನ್ನು ಬಿಡುವುದಿಲ್ಲ. ಯುಎಸ್‌ಬಿ ಇರುವ ಮಿಕ್ಸರಿಗೂ ಒಂದು ಮಾತು: ಅಗ್ಗದವು ಹಲವು, ಎಲ್ಲ ಚಾನೆಲ್ಲನ್ನೂ ಕಲಸಿ ಎರಡೇ ಚಾನೆಲ್ ಆಗಿ ಕಂಪ್ಯೂಟರಿಗೆ ಕಳಿಸುತ್ತವೆ. ಆಮೇಲೆ ಗಿಟಾರನ್ನು ಹಾಡಿನಿಂದ ಬೇರ್ಪಡಿಸಲು ಆಗುವುದಿಲ್ಲ. ಭಜನೆಯ ನೇರ ಪ್ರಸಾರಕ್ಕೆ ಸರಿ, ರೆಕಾರ್ಡಿಂಗಿಗೆ ಕೊಳ್ಳುವ ಮುನ್ನ ಚಾನೆಲ್ ಎಷ್ಟು ಹೋಗುತ್ತವೆ ಎಂದು ಕೇಳಿ.

ಮಲ್ಟಿ-ಎಫೆಕ್ಟ್ ಪ್ರೊಸೆಸರ್ (ಗಿಟಾರಿನ ದನಿಗೆ ಬಗೆಬಗೆಯ ಬಣ್ಣ ಕೊಡುವ ಪೆಟ್ಟಿಗೆ) ಈಗಾಗಲೇ ಇದ್ದವರು ಅದರ ಹಿಂಬದಿ ನೋಡಿಕೊಳ್ಳಿ. ಅಲ್ಲಿ ಯುಎಸ್‌ಬಿ ಆಡಿಯೋ ಇದ್ದರೆ ಬೇರೆ ಇಂಟರ್‌ಫೇಸೇ ಬೇಡ. ಕೆಲವದರಲ್ಲಿ ಆ ಕಿಂಡಿ ಬರೀ ಸಾಫ್ಟ್‌ವೇರ್ ಅಪ್‌ಡೇಟಿಗೆ ಇರುತ್ತದೆ. ಕೈಪಿಡಿಯಲ್ಲಿ ‘ಯುಎಸ್‌ಬಿ ಆಡಿಯೋ’ ಎಂಬ ಪದ ಇದೆಯೇ ಎಂದು ಹುಡುಕಿ.

ಥಂಡರ್‌ಬೋಲ್ಟ್ 2011ರಲ್ಲಿ 10 ಗಿಗಾಬಿಟ್ ವೇಗದೊಂದಿಗೆ ಬಂತು, ಮೂರನೇ ಆವೃತ್ತಿ 40 ಗಿಗಾಬಿಟ್. ಡ್ರಮ್ ಸೆಟ್ಟಿಗೆ ಹದಿನಾರು ಮೈಕ್ ಇಡುವ ಸ್ಟುಡಿಯೋಗೆ ಅದು ಸರಿ. ಒಂದು ಗಿಟಾರಿಗೆ ಬೇಡ. ಹಳೆಯ ಫೈರ್‌ವೈರ್ ಇಂಟರ್‌ಫೇಸ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ, ದನಿ ಚೆನ್ನಾಗಿಯೇ ಇರಬಹುದು, ಆದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಆ ಕಿಂಡಿಯೇ ಇಲ್ಲ. ಬಿಟ್ಟುಬಿಡಿ.

ಹೆಜ್ಜೆ 3: ಆಪ್ಟಿಕಲ್ ಮತ್ತು ಕೋಆ್ಯಕ್ಸಿಯಲ್, ಯಾರಿಗೆ ಬೇಕು?

ಗೊಂದಲ ಅತಿ ಹೆಚ್ಚು ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಎಸ್‌ಪಿಡಿಐಎಫ್ ಎಂಬುದು ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ ಡಿಜಿಟಲ್ ದನಿಯ ಒಪ್ಪಂದ. ಎರಡು ಚಾನೆಲ್, ಒಂದೇ ದಿಕ್ಕು. ಅದು ಎರಡು ವೇಷದಲ್ಲಿ ಬರುತ್ತದೆ: ಆರ್‌ಸಿಎ ಪಿನ್ನಿನ ಕೋಆ್ಯಕ್ಸಿಯಲ್, ಮತ್ತು ಚೌಕ ಮೂತಿಯ ಆಪ್ಟಿಕಲ್. ಈ ಚೌಕ ಮೂತಿಯನ್ನು 1983ರಲ್ಲಿ ತಂದದ್ದು ತೋಷಿಬಾ, ಅದಕ್ಕೇ ಟಾಸ್‌ಲಿಂಕ್ ಎಂಬ ಹೆಸರು.

ನಿಮ್ಮ ಹತ್ತಿರ ಲೈನ್ 6 ಹೀಲಿಕ್ಸ್ ಫ್ಲೋರ್, ಕೆಂಪರ್ ಥರದ ಎಸ್‌ಪಿಡಿಐಎಫ್ ಔಟ್ ಇರುವ ಪ್ರೊಸೆಸರೂ, ಎಸ್‌ಪಿಡಿಐಎಫ್ ಇನ್ ಇರುವ ಇಂಟರ್‌ಫೇಸೂ ಎರಡೂ ಇದ್ದರೆ ಮಾತ್ರ ಇದರಿಂದ ಲಾಭ. ಪ್ರೊಸೆಸರಿನೊಳಗೆ ದನಿ ಈಗಾಗಲೇ ಅಂಕಿಯಾಗಿದೆ. ಅದನ್ನು ಮತ್ತೆ ಅನಲಾಗ್ ಮಾಡಿ, ಮತ್ತೆ ಅಂಕಿ ಮಾಡುವ ಸುತ್ತು ತಪ್ಪುತ್ತದೆ, ಇಂಟರ್‌ಫೇಸಿನ ಅನಲಾಗ್ ಇನ್‌ಪುಟ್ ಹಾಡಿಗೆ ಉಳಿಯುತ್ತದೆ. ಗಿಟಾರನ್ನೇ ನೇರವಾಗಿ ಇದಕ್ಕೆ ಚುಚ್ಚಲು ಬರುವುದಿಲ್ಲ, ಗಿಟಾರ್ ಅನಲಾಗ್.

ಜೋಡಿಸುವ ಕ್ರಮ ಹೀಗೆ. ಕೋಆ್ಯಕ್ಸಿಯಲ್ ಆದರೆ 75 ಓಮ್ ಕೇಬಲ್ ಬೇಕು. ಹುಡುಕಿಕೊಂಡು ಹೋಗಬೇಕಿಲ್ಲ: ಹಳೆಯ ಡಿವಿಡಿ ಪ್ಲೇಯರಿನ ಮೂರು ಬಣ್ಣದ ಎ.ವಿ. ವೈರಿನಲ್ಲಿ ಹಳದಿಯದು ವಿಡಿಯೋಗೆ ಮಾಡಿದ್ದು, ವಿಡಿಯೋದ ಅಳತೆಯೂ 75 ಓಮೇ. ಕೆಂಪು, ಬಿಳಿ ಬಿಟ್ಟು ಹಳದಿಯನ್ನು ಬಳಸಿ. ಆಪ್ಟಿಕಲ್ ಆದರೆ ಮೊದಲು ಕೇಬಲ್ಲಿನ ಎರಡೂ ತುದಿಯ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿಗೆ ತೆಗೆಯಿರಿ. ಅದು ಇರುವುದೇ ಗೊತ್ತಾಗುವುದಿಲ್ಲ, ಹಾಗೇ ಒತ್ತಿದರೆ ಕಿಂಡಿಯ ಪುಟ್ಟ ಬಾಗಿಲು ಮುರಿಯುತ್ತದೆ. ಒಂದು ತುದಿಯನ್ನು ಪ್ರೊಸೆಸರಿಗೆ ಹಾಕಿ ಇನ್ನೊಂದು ತುದಿಯನ್ನು ಅಂಗೈಯ ಹತ್ತಿರ ಹಿಡಿಯಿರಿ. ಕುಂಕುಮದ ಬೊಟ್ಟಿನಷ್ಟು ಕೆಂಪು ಬೆಳಕು ಬಿದ್ದರೆ ದನಿ ಹೊರಟಿದೆ ಎಂದರ್ಥ. ಬೀಳದಿದ್ದರೆ ಪ್ರೊಸೆಸರಿನ ಮೆನುವಿನಲ್ಲಿ ಡಿಜಿಟಲ್ ಔಟ್ ಚಾಲೂ ಮಾಡಬೇಕು. ಬೆಳಕು ಬರುವ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ಫಲವಿಲ್ಲ: ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ, ಟಿವಿಯಲ್ಲಿ ಇರುವ ಆಪ್ಟಿಕಲ್ ಕಿಂಡಿ ಸಾಮಾನ್ಯವಾಗಿ ಹೊರಗೆ ಕಳಿಸುವಂಥದ್ದು, ಒಳಗೆ ತೆಗೆದುಕೊಳ್ಳುವಂಥದ್ದಲ್ಲ.

ಇನ್ನೊಂದು ಬಲೆ ಅಡಾಟ್. ಅಲೆಸಿಸ್ ಕಂಪನಿಯ ಈ ಪದ್ಧತಿಯೂ ಅದೇ ಚೌಕ ಮೂತಿ, ಅದೇ ಕೇಬಲ್ ಬಳಸುತ್ತದೆ, ಆದರೆ ಭಾಷೆ ಬೇರೆ: 48 ಕಿಲೋಹರ್ಟ್ಸ್‌ನಲ್ಲಿ 8 ಚಾನೆಲ್, 96ರಲ್ಲಿ 4. ಎಸ್‌ಪಿಡಿಐಎಫ್ ಕಳಿಸುವ ಪ್ರೊಸೆಸರನ್ನು ಅಡಾಟ್ ಕಿಂಡಿಗೆ ಹಾಕಿದರೆ ಮೌನ, ಇಲ್ಲವೇ ಕರ್ಕಶ ಸದ್ದು. ಕೆಲವು ಇಂಟರ್‌ಫೇಸ್‌ಗಳಲ್ಲಿ ಒಂದೇ ಕಿಂಡಿಯನ್ನು ಸಾಫ್ಟ್‌ವೇರಿನಿಂದ ಎರಡರಲ್ಲಿ ಒಂದಕ್ಕೆ ಹೊಂದಿಸಬಹುದು, ಅದನ್ನು ನೋಡಿ.

ಕೊನೆಗೆ ಗಡಿಯಾರ. ಡಿಜಿಟಲ್ ದನಿಯನ್ನು ಸೆಕೆಂಡಿಗೆ 48,000 ಸಲ ಎಣಿಸುವ ತಾಳ ಪ್ರತಿ ಯಂತ್ರದಲ್ಲೂ ಇದೆ. ಎರಡು ಯಂತ್ರ ತಮ್ಮ ತಮ್ಮ ತಾಳ ಹಿಡಿದರೆ, ಎರಡು ತಬಲಾದವರು ಒಬ್ಬರನ್ನೊಬ್ಬರು ಕೇಳದೆ ಬಾರಿಸಿದ ಹಾಗೆ. ವ್ಯತ್ಯಾಸ ಹತ್ತು ಲಕ್ಷಕ್ಕೆ 20ರಷ್ಟೇ ಇದ್ದರೂ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಎಣಿಕೆ ಜಾರುತ್ತದೆ, ಜಾರಿದಾಗೊಮ್ಮೆ ‘ಟಿಕ್’. ಪರಿಹಾರ: ದನಿ ಕಳಿಸುವ ಪ್ರೊಸೆಸರ್ ‘ಇಂಟರ್ನಲ್’, ತೆಗೆದುಕೊಳ್ಳುವ ಇಂಟರ್‌ಫೇಸ್ ‘ಎಸ್‌ಪಿಡಿಐಎಫ್’ ಅಥವಾ ‘ಎಕ್ಸ್‌ಟರ್ನಲ್’. ಇಂಟರ್‌ಫೇಸಿನ ‘ಲಾಕ್’ ದೀಪ ಅಲುಗದೆ ಹತ್ತಿರಬೇಕು. ಎರಡೂ ಕಡೆ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಎಣಿಕೆ ಎಂಬುದು) ಒಂದೇ ಇರಬೇಕು, 44.1ರಲ್ಲಿ ಬಂದದ್ದನ್ನು 48 ಎಂದು ಓದಿಸಿದರೆ ಹಾಡು ಸುಮಾರು ಶೇಕಡಾ 9ರಷ್ಟು ಬೇಗ ಓಡಿ, ಶ್ರುತಿ ಒಂದೂವರೆ ಮನೆ ಮೇಲೇರುತ್ತದೆ.

ಬ್ಲೂಟೂತ್ ಏಕೆ ಬೇಡ

ವಿಜಯಪುರದ ಗೋಲಗುಂಬಜದ ಪಿಸುಮಾತಿನ ಮೊಗಸಾಲೆ ಎಲ್ಲರಿಗೂ ಗೊತ್ತು. ಒಳಗಿನ ವ್ಯಾಸ ಸುಮಾರು 38 ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತದೆ, ಅಂದರೆ ಈ ಗೋಡೆಯಿಂದ ಎದುರಿನ ಗೋಡೆಗೆ 110 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ತಡವೂ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು. ಬ್ಲೂಟೂತ್ ಹಾಕಿಕೊಂಡು ನುಡಿಸುವುದೆಂದರೆ ನೀವು ಗುಂಬಜದ ಈ ಬದಿ, ನಿಮ್ಮ ಆಂಪ್ಲಿಫಾಯರ್ ಆ ಬದಿ. ಹಾಡು ಕೇಳಲು ಅಡ್ಡಿಯಿಲ್ಲ, ನುಡಿಸಲು ಮಾತ್ರ ವೈರಿನ ಹೆಡ್‌ಫೋನನ್ನು ಇಂಟರ್‌ಫೇಸಿಗೇ ಹಾಕಿ.

ಹೆಜ್ಜೆ 4: ಕಂಪ್ಯೂಟರಿನ ಒಳಗೆ

ವಿಂಡೋಸಿನಲ್ಲಿ ತಯಾರಕರ ತಾಣದಿಂದಲೇ ಆಸಿಯೋ ಡ್ರೈವರ್ ಇಳಿಸಿ ಹಾಕಿ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಈ ಪದ್ಧತಿ ವಿಂಡೋಸಿನ ದನಿ ಕಲಸುವ ಪದರವನ್ನು ದಾಟಿ ನೇರ ಇಂಟರ್‌ಫೇಸಿನ ಜೊತೆ ಮಾತಾಡುತ್ತದೆ. ಇಂಟರ್‌ಫೇಸಿಗೆ ತನ್ನದೇ ಡ್ರೈವರ್ ಇಲ್ಲದಿದ್ದರೆ ಆಸಿಯೋ4ಆಲ್ ಎಂಬ ಉಚಿತ ತಂತ್ರಾಂಶದಿಂದ ಕೆಲಸ ನಡೆಸಬಹುದು. ಕೊಳ್ಳುವ ಮೊದಲಾದರೆ ಸ್ವಂತ ಡ್ರೈವರ್ ಇರುವುದನ್ನೇ ಆರಿಸಿ, ಇದು ಕಿಂಡಿಯ ಆಕಾರಕ್ಕಿಂತ ಹತ್ತುಪಟ್ಟು ಮುಖ್ಯ. ಮ್ಯಾಕಿನಲ್ಲಿ ಕೋರ್ ಆಡಿಯೋ ಇರುವುದರಿಂದ ಬಹುತೇಕ ಇಂಟರ್‌ಫೇಸ್ ಚುಚ್ಚಿದೊಡನೆ ನಡೆಯುತ್ತವೆ.

ಆಮೇಲೆ ರೀಪರ್‌ನಂಥ ರೆಕಾರ್ಡಿಂಗ್ ತಂತ್ರಾಂಶದ ಆಡಿಯೋ ಡಿವೈಸ್ ಪುಟದಲ್ಲಿ ಆಸಿಯೋ ಆರಿಸಿ, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ವಿಡಿಯೋ ಜೊತೆ ಸೇರಿಸುವುದಕ್ಕೆ 48 ಸರಿ. ಒಂದು ಚಾನೆಲ್ ಐದು ನಿಮಿಷಕ್ಕೆ 43 ಎಂಬಿ ಹಿಡಿಯುತ್ತದೆ, ಅಷ್ಟೇ. 96ಕ್ಕೆ ಏರಿಸಿದರೆ ಫೈಲು ಎರಡರಷ್ಟು, ಗಿಟಾರಿಗೆ ಕಿವಿಗೆ ತಿಳಿಯುವ ಲಾಭ ಕಾಣದು.

ಬಫರನ್ನು, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಎಣಿಕೆಗಳನ್ನು, 128ಕ್ಕೆ ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಅದು 2.7 ಮಿಲಿಸೆಕೆಂಡ್, ಹೋಗಲು ಒಮ್ಮೆ, ಬರಲು ಒಮ್ಮೆ. ಪರಿವರ್ತಕದ ತಡವೂ ಸೇರಿ ಒಳ್ಳೆಯ ಡ್ರೈವರಿನಲ್ಲಿ ಒಟ್ಟು 10ರ ಆಸುಪಾಸು. ಅಂದರೆ ಆಂಪ್ಲಿಫಾಯರ್ ಮೂರೂವರೆ ಮೀಟರ್ ದೂರ ಇಟ್ಟು ನುಡಿಸಿದ ಹಾಗೆ, ಅಷ್ಟು ಕೈಗೆ ಗೊತ್ತಾಗುವುದಿಲ್ಲ. ಟಿಕ್ ಟಿಕ್, ಚರ್ ಚರ್ ಬಂದರೆ 256ಕ್ಕೆ ಏರಿಸಿ, ವೈಫೈ ಬಂದ್ ಮಾಡಿ, ಪವರ್ ಪ್ಲಾನಿನಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ನಿಲ್ಲಿಸಿ. ರೆಕಾರ್ಡ್ ಮುಗಿದು ಮಿಕ್ಸ್ ಮಾಡುವಾಗ 1024ಕ್ಕೆ ಒಯ್ಯಿರಿ, ಆಗ ತಡದಿಂದ ನಷ್ಟವಿಲ್ಲ, ಕಂಪ್ಯೂಟರಿಗೆ ಉಸಿರಾಡಲು ಜಾಗ ಸಿಗುತ್ತದೆ.

ಗೇನ್ ಹೊಂದಿಸುವಾಗ ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿ, ನೀವು ನುಡಿಸುವ ಅತಿ ಜೋರಿನ ಹೊಡೆತ ಹೊಡೆಯಿರಿ. ಮೀಟರು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಲಿ. ಸೊನ್ನೆಗೆ ತಾಗಿಸಿ ಜೋರು ಮಾಡುವುದು ಕ್ಯಾಸೆಟ್ ಕಾಲದ ಚಟ. ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ್ದು ಕತ್ತರಿಸಿ ಹೋಗುತ್ತದೆ, ಮರಳಿ ಬಾರದು. 24 ಬಿಟ್ ಇರುವಾಗ ತಗ್ಗಿನಲ್ಲಿ ರೆಕಾರ್ಡ್ ಮಾಡಿದರೂ ಸದ್ದು ಕೂಡುವುದಿಲ್ಲ.

ಎರಡು ಸಾಮಾನ್ಯ ತಪ್ಪು. ಎಡಗಿವಿಯಲ್ಲಿ ಮಾತ್ರ ಗಿಟಾರ್ ಕೇಳಿದರೆ ಟ್ರ್ಯಾಕು ಸ್ಟೀರಿಯೋ ಆಗಿದೆ. ‘ಮೋನೋ, ಇನ್‌ಪುಟ್ 1’ ಮಾಡಿ. ಪ್ರತಿ ಸ್ವರ ಎರಡೆರಡಾಗಿ, ಇಲ್ಲವೇ ಕೊಳವೆಯಲ್ಲಿ ಕೂತ ಹಾಗೆ ಕೇಳಿದರೆ ಇಂಟರ್‌ಫೇಸಿನ ‘ಡೈರೆಕ್ಟ್ ಮಾನಿಟರ್’ (ಕಂಪ್ಯೂಟರಿಗೆ ಹೋಗದೆ ನೇರ ಹೆಡ್‌ಫೋನಿಗೆ ಬರುವ ದನಿ) ಮತ್ತು ತಂತ್ರಾಂಶದ ಮಾನಿಟರ್ ಎರಡೂ ಚಾಲೂ ಇವೆ. ಆಂಪ್ ಸಿಮ್ಯುಲೇಟರ್ (ಆಂಪ್ಲಿಫಾಯರಿನ ದನಿಯನ್ನು ಅನುಕರಿಸುವ ತಂತ್ರಾಂಶ) ಹಾಕಿ ನುಡಿಸುವಾಗ ಡೈರೆಕ್ಟ್ ಮಾನಿಟರ್ ಬಂದ್ ಮಾಡಿ. ಬರೀ ಅಕೌಸ್ಟಿಕ್ ರೆಕಾರ್ಡ್ ಮಾಡುವಾಗ ಅದನ್ನು ಇಟ್ಟುಕೊಂಡು ತಂತ್ರಾಂಶದ್ದು ಬಂದ್ ಮಾಡಿ.

ಹೆಜ್ಜೆ 5: ‘ಗುಂಯ್’ ಎಲ್ಲಿಂದ?

ನಮ್ಮ ಕರೆಂಟು 50 ಹರ್ಟ್ಸ್. ಗುಂಯ್ ಅಂದರೆ ಅದೇ 50, ಅದರ ದುಪ್ಪಟ್ಟು 100, ಮತ್ತು ಮೇಲಿನವು. ಕಾರಣ ಹುಡುಕಲು ಈ ಕ್ರಮ ಹಿಡಿಯಿರಿ, ಬಿಟ್ಟು ಬಿಟ್ಟು ಮಾಡಬೇಡಿ.

ಮೊದಲು ಗಿಟಾರಿನ ವಾಲ್ಯೂಮ್ ಸೊನ್ನೆ ಮಾಡಿ. ಸದ್ದು ನಿಂತರೆ ಅದು ಪಿಕಪ್ಪಿನಿಂದ ಬರುತ್ತಿದೆ. ತಂತಿ ಮುಟ್ಟಿದಾಗ ಕಡಿಮೆಯಾಗುತ್ತದೆಯೇ? ಹಾಗಾದರೆ ಗಿಟಾರ್ ಸರಿ ಇದೆ, ಸುತ್ತಲ ಕರೆಂಟನ್ನು ಹಿಡಿಯುತ್ತಿದೆ. ಕುರ್ಚಿ ತಿರುಗಿಸಿ ಕೂತು ನೋಡಿ, ಒಂದು ಕೋನದಲ್ಲಿ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ, ಸಿಂಗಲ್ ಕಾಯಿಲ್ ಪಿಕಪ್ಪಿನಲ್ಲಂತೂ ಇದು ಸ್ಪಷ್ಟ. ಮುಟ್ಟಿದರೂ ಬಿಟ್ಟರೂ ಒಂದೇ ಥರ ಜೋರಾಗಿ ಇದ್ದರೆ ಸೇತುವೆಗೆ ಹೋಗುವ ಒಳಗಿನ ಅರ್ಥ್ ತಂತಿ ಬಿಟ್ಟಿರಬಹುದು, ಬೆಸುಗೆ ಹಾಕಿಸಿ.

ಎರಡನೆಯದಾಗಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಸದ್ದು ಹೋದರೆ ಅರ್ಥಿಂಗ್‌ನ ಮಾತು. ಹಳೆಯ ವಾಡೆ, ಹಳೆಯ ಬಾಡಿಗೆ ಮನೆಗಳಲ್ಲಿ ಗೋಡೆಯ ಸಾಕೆಟ್ಟಿಗೆ ಮೂರು ರಂಧ್ರ ಇದ್ದರೂ ಮೇಲಿನ ದೊಡ್ಡ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಸವರಿದರೆ ಜುಂ ಅನ್ನುವುದು ಇದೇ ಕಾರಣಕ್ಕೆ. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ: ಫೇಸಿಗೂ ಅರ್ಥಿಗೂ ನಡುವೆ 230 ವೋಲ್ಟಿನ ಹತ್ತಿರ, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ಇರಬೇಕು. ಸದ್ದು ಹೋಗುತ್ತದೆಂದು ಚಾರ್ಜರಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ನಿಮ್ಮ ಬೆರಳು ಲೋಹದ ತಂತಿಯ ಮೇಲೆ ಇರುತ್ತದೆ, ಆ ತಂತಿ ಇಂಟರ್‌ಫೇಸಿನ ಮೂಲಕ ಚಾರ್ಜರಿನ ತನಕ ಹೋಗಿದೆ. ಆ ಕೆಲಸ ಖಂಡಿತ ಮಾಡಬೇಡಿ.

ಮೂರನೆಯದಾಗಿ ಕೋಣೆ. ಫ್ಯಾನಿನ ರೆಗ್ಯುಲೇಟರ್ ಸರಾಗವಾಗಿ ತಿರುಗುವ ಡಿಮ್ಮರ್ ಮಾದರಿಯಾಗಿದ್ದರೆ ಅದು ಕರೆಂಟಿನ ಅಲೆಯನ್ನೇ ಕತ್ತರಿಸಿ ‘ಝರ್’ ಎನಿಸುತ್ತದೆ; 1, 2, 3 ಎಂದು ಟಕ್ ಟಕ್ ನಿಲ್ಲುವ ಕೆಪಾಸಿಟರ್ ಮಾದರಿ ಹಾಗೆ ಮಾಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಫ್ಯಾನ್ ಆರಿಸಿ ಕೂರಿ ಎನ್ನುವುದು ಶಿಕ್ಷೆಯೇ ಸರಿ, ರೆಗ್ಯುಲೇಟರ್ ಬದಲಿಸುವುದು ಮೇಲು. ಅಗ್ಗದ ಎಲ್‌ಇಡಿ ಬಲ್ಬನ್ನೂ ಒಂದೊಂದಾಗಿ ಆರಿಸಿ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ನಡೆಯುವಾಗ ಗುಂಯ್ ಹೋಗಿ ಕರ್ಕಶ ಝೇಂಕಾರ ಬರುತ್ತದೆ. ಆಗ ಚಾರ್ಜರ್ ಕಿತ್ತರೆ ಸಾಕು. ಲೈಟು ಹೋಗಿ, ಇಡೀ ಓಣಿ ಕತ್ತಲಾಗಿ, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಇರುವ ಆ ಅರ್ಧ ಗಂಟೆಯಷ್ಟು ಸ್ವಚ್ಛ ರೆಕಾರ್ಡಿಂಗ್ ಬೇರೆ ಹೊತ್ತಿನಲ್ಲಿ ಸಿಗುವುದು ಅಪರೂಪ.

ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗದಲ್ಲೋ, ರಬಕವಿ-ಬನಹಟ್ಟಿಯಲ್ಲೋ ಪವರ್‌ಲೂಮ್ ಓಣಿಯಲ್ಲಿ ಮನೆ ಇದ್ದರೆ ಮೈಕ್ ಇಟ್ಟು ರೆಕಾರ್ಡ್ ಮಾಡುವ ಆಸೆ ಬಿಡಿ, ಮಗ್ಗದ ಖಟಖಟ ಗೋಡೆಯ ಮೂಲಕವೇ ಬರುತ್ತದೆ. ವೈರಿನಿಂದ ನೇರ ರೆಕಾರ್ಡ್ ಮಾಡಿ ಆಂಪ್ ಸಿಮ್ಯುಲೇಟರ್ ಹಾಕುವುದೇ ಅಲ್ಲಿಗೆ ತಕ್ಕದ್ದು. ಮೋಟಾರು ಶುರುವಾದಾಗ ಒಂದು ‘ಟಪ್’ ಬಿದ್ದರೆ ಅದೂ ಕರೆಂಟಿನ ದಾರಿಯಲ್ಲಿ ಬಂದದ್ದು, ಬ್ಯಾಟರಿಯ ಮೇಲೆ ನಡೆಸಿದರೆ ಬಹುಮಟ್ಟಿಗೆ ತಪ್ಪುತ್ತದೆ.

ಗುಂಯ್ ಅಲ್ಲದೆ ‘ಚೀಂ’ ಎಂಬ ಸೂಜಿಯಂಥ ಸದ್ದು, ಮೌಸ್ ಆಡಿಸಿದಾಗ ಬದಲಾಗುವಂಥದ್ದು ಇದ್ದರೆ ಅದು ಯುಎಸ್‌ಬಿಯದೇ. ಡೇಟಾ ಮೂಟೆಗಳು ಸೆಕೆಂಡಿಗೆ 1,000 ಅಥವಾ 8,000 ಸಲ ಹೊರಡುತ್ತವೆ, ಆ ಲಯ ಅರ್ಥ್ ತಂತಿಯಲ್ಲಿ ನುಸುಳುತ್ತದೆ. ಬೇರೆ ಬದಿಯ ಕಿಂಡಿಗೆ ಹಾಕಿ. ಹೋಗದಿದ್ದರೆ ಸ್ವಂತ ಅಡಾಪ್ಟರ್ ಇರುವ ಒಳ್ಳೆಯ ಹಬ್ ಇಡಿ. ಹಬ್ ಬೇಡ ಎಂದ ಮಾತಿಗೆ ಇದೊಂದು ವಿನಾಯಿತಿ.

ಫೋನಿಗೆ

ಆಂಡ್ರಾಯ್ಡ್ ಫೋನಿಗೆ ಓಟಿಜಿ ಅಡಾಪ್ಟರ್ ಹಾಕಿ ಡ್ರೈವರ್ ಬೇಡದ ಇಂಟರ್‌ಫೇಸ್ ಚುಚ್ಚಬಹುದು, ಐಫೋನ್ 15ರಿಂದ ಈಚೆಗೆ ನೇರ ಟೈಪ್-ಸಿ ಕಿಂಡಿಗೆ. ಫೋನಿನ ಬ್ಯಾಟರಿಯೇ ಇಂಟರ್‌ಫೇಸಿಗೂ ಊಟ ಹಾಕಬೇಕಾದ್ದರಿಂದ 48 ವೋಲ್ಟ್ ಬಂದ್ ಮಾಡಿಡಿ. ಮೂರು ಪಟ್ಟೆಯ ಇ.ಪಿ. ಪಿನ್ನಿನ ಅಗ್ಗದ ಅಡಾಪ್ಟರಿನಲ್ಲಿ ಗಿಟಾರ್ ದನಿಯೂ ಹೆಡ್‌ಫೋನ್ ದನಿಯೂ ಒಂದೇ ಪಿನ್ನಿನಲ್ಲಿ ಹೋಗುತ್ತವೆ. ಒಂದು ಇನ್ನೊಂದಕ್ಕೆ ಸೋರಿ, ಡಿಸ್ಟಾರ್ಷನ್ ಹಾಕಿದೊಡನೆ ಕೂಗು ಹೊಡೆಯುತ್ತದೆ.

ಮಳೆಗಾಲದಲ್ಲಿ

ಸಹ್ಯಾದ್ರಿಯ ಮಗ್ಗುಲಿನ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಪಿನ್ನಿನ ಹೊಳಪು ಮಾಸಿ ಕಂದು ಪೊರೆ ಕೂಡುತ್ತದೆ. ಪಿನ್ ತಿರುಗಿಸಿದಾಗ ಕರಕರ ಅಂದರೆ ಅದೇ. ಕಾಂಟ್ಯಾಕ್ಟ್ ಕ್ಲೀನರನ್ನು ಬಟ್ಟೆಗೆ ಹಾಕಿ ಪಿನ್ ಒರೆಸಿ, ಅದೇ ಪಿನ್ನನ್ನು ಕಿಂಡಿಯಲ್ಲಿ ಹತ್ತು ಸಲ ಹಾಕಿ ತೆಗೆಯಿರಿ. ಕಿಂಡಿಯೊಳಕ್ಕೆ ನೇರ ಸಿಂಪಡಿಸಬೇಡಿ. ಉಪ್ಪಿನ ಕಾಗದದಿಂದ ತಿಕ್ಕಿದರೆ ಲೇಪವೇ ಹೋಗಿ ಮುಂದಿನ ಮಳೆಗೆ ಇನ್ನೂ ಬೇಗ ಕಂದುತ್ತದೆ. ಆಪ್ಟಿಕಲ್ ಕೇಬಲ್ಲನ್ನು ಮಡಿಸದೆ ತಟ್ಟೆಯಗಲದ ಸುರುಳಿ ಸುತ್ತಿ, ಮೊದಲು ತೆಗೆದಿಟ್ಟ ಆ ಎರಡು ಟೊಪ್ಪಿಗೆಗಳನ್ನು ಮತ್ತೆ ಹಾಕಿ ಇಡಿ.